ಒಂದೇ ಫೋನಿನ ಮನೆಯಲ್ಲಿ ಮಕ್ಕಳ ಗೇಮ್: ದುಡ್ಡು, ನಿದ್ದೆ, ಜಗಳ ಮತ್ತು ಕಾನೂನು

'ಮಕ್ಕಳ ಕೈಗೆ ಮೊಬೈಲ್ ಕೊಡಬೇಡಿ.' ಶಾಲೆಯ ಪೋಷಕರ ಸಭೆ, ಟಿವಿ ಚರ್ಚೆ, ವಾಟ್ಸ್‌ಆ್ಯಪ್ ಫಾರ್ವರ್ಡ್, ಎಲ್ಲಿ ಹೋದರೂ ಇದೇ ಮಾತು. ಹೇಳುವವರಿಗೆ ಸುಲಭ. ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆ, ಹೇರೋಹಳ್ಳಿ ದಾಟಿದ ಮೇಲೆ ಸಿಗುವ ನಮ್ಮ ಬ್ಯಾಡರಹಳ್ಳಿಯಲ್ಲಿ ಇದನ್ನು ಪಾಲಿಸೋದು ಹೇಗೆ ಅಂತ ಮಾತ್ರ ಯಾರೂ ಹೇಳಿಕೊಡಲ್ಲ. ಬೆಳಿಗ್ಗೆ ಗಾರ್ಮೆಂಟ್ಸ್‌ಗೆ ಹೋಗುವ ಅಮ್ಮ, ಕ್ಯಾಬ್ ಓಡಿಸುವ ಅಥವಾ ಪೀಣ್ಯದಲ್ಲಿ ಶಿಫ್ಟ್ ಮಾಡುವ ಅಪ್ಪ, ಸಂಜೆ ಶಾಲೆ ಬಿಟ್ಟು ತಾನೇ ಬೀಗ ತೆಗೆದು ಒಳಗೆ ಹೋಗುವ ಮಗು. ಆ ಮಗುವಿನ ಹೋಂವರ್ಕ್ ಬರೋದು ವಾಟ್ಸ್‌ಆ್ಯಪ್ ಗ್ರೂಪಿಗೆ. ಫೋನ್ ಕೊಡದೇ ಇರುವ ಆಯ್ಕೆ ಆ ಮನೆಗೆ ಇದೆಯಾ?

ಇದನ್ನು ಓದುತ್ತಿರುವ ನಿಮ್ಮಲ್ಲಿ ಬಹಳ ಜನ ಇನ್ನೂ ಅಪ್ಪ-ಅಮ್ಮ ಆಗಿರಲಿಕ್ಕಿಲ್ಲ. ಆದರೆ ಮನೆಯಲ್ಲಿ, ಬೀದಿಯಲ್ಲಿ ಫೋನ್ ಸೆಟ್ ಮಾಡಿಕೊಡುವ ಅಣ್ಣ, ಅಕ್ಕ, ಚಿಕ್ಕಪ್ಪ ನೀವೇ. 'ನೋಡು ಮಗಾ, ಇದೇನೋ ದುಡ್ಡು ಕಟ್ ಆಗಿದೆ' ಅಂತ ಫೋನ್ ನಿಮ್ಮ ಕೈಗೇ ಬರುತ್ತೆ. ಹಾಗಾಗಿ ಈ ಬರಹ ಪೋಷಕರಿಗೆ ಎಷ್ಟೋ ನಿಮಗೂ ಅಷ್ಟೇ.

ನಾನು ಓದಿದ್ದು ಎಂಜಿನಿಯರಿಂಗ್. ಹಾಸ್ಟೆಲ್‌ನಲ್ಲಿ ಲ್ಯಾನ್ ಕೇಬಲ್ ಎಳೆದು ರಾತ್ರಿಯೆಲ್ಲ ಕೌಂಟರ್ ಸ್ಟ್ರೈಕ್ ಆಡಿದ ಬ್ಯಾಚು ನಮ್ಮದು. ಆದ್ದರಿಂದ ಗೇಮ್ ಆಡಿದರೆ ಮಕ್ಕಳು ಹಾಳಾಗ್ತಾರೆ ಅನ್ನುವ ವಾದವನ್ನು ನಾನು ನಂಬಲ್ಲ. ಜೊತೆಗೆ ಆಡುವುದು, ಸೋಲುವುದು, ಮತ್ತೆ ಪ್ಲಾನ್ ಮಾಡುವುದು ಇವೆಲ್ಲ ಒಳ್ಳೆಯವೇ. ಆದರೆ ನಾವು ಆಡಿದ ಗೇಮ್‌ಗೂ ಇವತ್ತಿನ ಮೊಬೈಲ್ ಗೇಮ್‌ಗೂ ಒಂದು ಮೂಲಭೂತ ವ್ಯತ್ಯಾಸವಿದೆ. ಅದು ತಿಳಿಯದೆ ಯಾವ ಸಲಹೆ ಕೊಟ್ಟರೂ ಕೆಲಸಕ್ಕೆ ಬರಲ್ಲ.

ಫ್ರೀ ಗೇಮ್ ದುಡ್ಡು ಮಾಡೋದು ಹೇಗೆ?

ನಮ್ಮ ಕಾಲದ ಗೇಮ್ ಒಂದು ಸಲ ಮಾರಾಟವಾಗುತ್ತಿತ್ತು. ಸಿಡಿ ಕೊಂಡವನು ಆಡಿದರೂ ಬಿಟ್ಟರೂ ಕಂಪನಿಗೆ ಏನೂ ವ್ಯತ್ಯಾಸ ಆಗುತ್ತಿರಲಿಲ್ಲ. (ನಾವು ಸಿಡಿಯನ್ನೂ ಕೊಂಡವರಲ್ಲ, ಆ ಮಾತು ಬೇರೆ.) ಈಗಿನ ಬಿಜಿಎಂಐ, ಫ್ರೀ ಫೈರ್ ಮ್ಯಾಕ್ಸ್‌ನಂಥವು ಡೌನ್‌ಲೋಡಿಗೆ ಉಚಿತ. ಆದಾಯ ಬರುವುದು ಆಡುತ್ತಲೇ ಇರುವವರಿಂದ, ಆಡುತ್ತಾ ಕೊಳ್ಳುವವರಿಂದ. ಹಾಗಾಗಿ ಕಂಪನಿ ದಿನಾ ನೋಡುವ ಲೆಕ್ಕ ಒಂದೇ: ನಿನ್ನೆ ಬಂದವರಲ್ಲಿ ಇವತ್ತು ಎಷ್ಟು ಜನ ವಾಪಸ್ ಬಂದರು, ಏಳು ದಿನದ ಮೇಲೆ ಎಷ್ಟು ಜನ ಉಳಿದರು, ಮೂವತ್ತು ದಿನದ ಮೇಲೆ ಎಷ್ಟು? ಇಂಡಸ್ಟ್ರಿ ಭಾಷೆಯಲ್ಲಿ ಇದು ರಿಟೆನ್ಷನ್. ದಿನಾ ಲಾಗಿನ್ ಆದರೆ ಸಿಗುವ ಬಹುಮಾನ, ತಪ್ಪಿಸಿದರೆ ಮುರಿದುಹೋಗುವ ಸರಣಿ, ಇನ್ನೆರಡು ಗಂಟೆಯಲ್ಲಿ ಮುಗಿಯುವ ಆಫರ್, ಇವು ಯಾವುವೂ ಆಟದ ಭಾಗವಲ್ಲ. ಆ ಲೆಕ್ಕವನ್ನು ಮೇಲೇರಿಸಲು ಕೂಡಿಸಿದ ಸಾಮಾನು. ತುಂಬಾ ಖರ್ಚು ಮಾಡುವ ಕೆಲವೇ ಆಟಗಾರರನ್ನು ಈ ಉದ್ಯಮ 'ವೇಲ್' ಅಂತ ಕರೆಯುತ್ತೆ, ತಿಮಿಂಗಿಲ ಅಂತ. ಮನುಷ್ಯರಿಗೆ ಇಡುವ ಹೆಸರೇ ಅದು?

ಗೇಮ್ ಒಳಗೆ ರೂಪಾಯಿ ಅಂತ ಎಲ್ಲೂ ಕಾಣಲ್ಲ. ಫ್ರೀ ಫೈರ್‌ನಲ್ಲಿ ಡೈಮಂಡ್, ಬಿಜಿಎಂಐನಲ್ಲಿ ಯುಸಿ. ನೂರು ರೂಪಾಯಿಯೊಳಗಿನ ಸಣ್ಣ ಪ್ಯಾಕ್‌ನಿಂದ ಶುರು. ಡೈಮಂಡ್ ಕೊಟ್ಟು ನೇರವಾಗಿ ಡ್ರೆಸ್ಸೋ ಗನ್ ಸ್ಕಿನ್ನೋ ಕೊಳ್ಳಬಹುದು. ಆದರೆ ಬೇಕಾದ ವಸ್ತು ಬಹಳ ಸಲ ಸ್ಪಿನ್‌ನಲ್ಲಿ, ಕ್ರೇಟ್‌ನಲ್ಲಿ ಇರುತ್ತೆ. ಚಕ್ರ ತಿರುಗಿಸು, ಅದೃಷ್ಟ ಇದ್ದರೆ ಸಿಗುತ್ತೆ, ಇಲ್ಲದಿದ್ದರೆ ಇನ್ನೊಂದು ಸಲ. ಜಾತ್ರೆಯಲ್ಲಿ ರಿಂಗ್ ಎಸೆಯುವ ಅಂಗಡಿ ಗೊತ್ತಲ್ಲ, ಅದೇ ಇದು. ಒಂದೇ ವ್ಯತ್ಯಾಸ, ಆ ಅಂಗಡಿಯವನು ರಾತ್ರಿ ಹನ್ನೊಂದಕ್ಕೆ ಮಗುವಿನ ಹಾಸಿಗೆ ಪಕ್ಕ ಬಂದು ಕೂರುತ್ತಿರಲಿಲ್ಲ. ಹಣ ಕೊಟ್ಟು ತೆರೆಯುವ ಇಂಥ ಲೂಟ್ ಬಾಕ್ಸ್‌ಗಳು ಜೂಜಾಟದ ಕಾನೂನಿನಡಿ ಬರುತ್ತವೆ ಎಂದು ಬೆಲ್ಜಿಯಂ 2018ರಲ್ಲೇ ತೀರ್ಮಾನಿಸಿತು.

ಇದು ಬರೀ ನಮ್ಮ ಅನುಮಾನ ಅಲ್ಲ. 2022ರ ಡಿಸೆಂಬರ್‌ನಲ್ಲಿ ಫೋರ್ಟ್‌ನೈಟ್ ಗೇಮ್‌ನ ಎಪಿಕ್ ಗೇಮ್ಸ್ ಕಂಪನಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಜೊತೆ 52 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡಿತು. ಅದರಲ್ಲಿ 27.5 ಕೋಟಿ ಮಕ್ಕಳ ಖಾಸಗಿತನದ ಕಾನೂನು ಉಲ್ಲಂಘನೆಗೆ. ಉಳಿದ 24.5 ಕೋಟಿ, ಗೊಂದಲ ಹುಟ್ಟಿಸುವ ಬಟನ್ ಇಟ್ಟು ಬೇಡದ ಖರೀದಿ ಮಾಡಿಸಿದ್ದಕ್ಕೆ, ಗ್ರಾಹಕರಿಗೆ ವಾಪಸ್. ಇಂಥ ವಿನ್ಯಾಸದ ಮೋಸಗಳಿಗೆ ಡಾರ್ಕ್ ಪ್ಯಾಟರ್ನ್ ಅಂತ ಹೆಸರು. ನಮ್ಮ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವೂ 2023ರ ನವೆಂಬರ್ 30ರಂದು ಇಂಥ 13 ಮೋಸಗಳನ್ನು ಪಟ್ಟಿ ಮಾಡಿ ನಿಷೇಧಿಸಿದೆ. ಪಟ್ಟಿ ಇದೆ ಅನ್ನುವುದು ಎಷ್ಟು ಜನಕ್ಕೆ ಗೊತ್ತು?

ಮೊದಲು ದುಡ್ಡಿಗೆ ಬೀಗ

ನಮ್ಮ ಬೀದಿಯಲ್ಲಿ ನನ್ನ ಬಳಿ ಬರುವ ದೂರುಗಳಲ್ಲಿ ಮುಕ್ಕಾಲು ಪಾಲು ಕಣ್ಣಿನದ್ದೂ ಅಲ್ಲ, ಓದಿನದ್ದೂ ಅಲ್ಲ. ದುಡ್ಡಿನದು. ಸ್ಕ್ರೀನ್‌ಟೈಮ್ ಬಗ್ಗೆ ಇಂಗ್ಲಿಷ್‌ನಲ್ಲಿ ಬರುವ ಸಲಹೆಗಳೆಲ್ಲ ಮಗುವಿಗೊಂದು ಟ್ಯಾಬ್ಲೆಟ್, ಅಪ್ಪನಿಗೊಂದು ಫೋನ್, ಅಮ್ಮನಿಗೊಂದು ಫೋನ್ ಇದೆ ಅಂದುಕೊಂಡು ಬರೆದವು. ಇಲ್ಲಿ ಅಮ್ಮನ ಫೋನೇ ಬ್ಯಾಂಕ್, ಅದೇ ಶಾಲೆಯ ಡೈರಿ, ಅದೇ ಆಟದ ಮೈದಾನ. ಸಂಬಳ ಬಂದ ಮೆಸೇಜ್ ಬಂದು ಹತ್ತು ನಿಮಿಷಕ್ಕೆ ಅದೇ ಫೋನ್ ಹನ್ನೆರಡು ವರ್ಷದ ಹುಡುಗನ ಕೈಯಲ್ಲಿರುತ್ತೆ.

ಪಿನ್ ಇದೆಯಲ್ಲ ಅಂತೀರಾ? ಆ ಯುಪಿಐ ಪಿನ್ ಸೆಟ್ ಮಾಡಿಕೊಟ್ಟದ್ದೇ ಆ ಹುಡುಗ. ಓದಲು ಬಾರದ ಅಜ್ಜಿಯ ಪಿಂಚಣಿ ಬ್ಯಾಲೆನ್ಸ್ ನೋಡಿ ಹೇಳುವವನೂ ಅವನೇ. ಇದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ, ಮಕ್ಕಳು ಮನೆಗೆ ಮಾಡುವ ನಿಜವಾದ ಕೆಲಸ ಅದು. ಆದರೆ ಒಂದು ಸಂಜೆ ಕೂತು ಈ ಕೆಲಸಗಳನ್ನು ಮುಗಿಸಿ.

ಯುಪಿಐ ಪಿನ್ ಬದಲಿಸಿ, ಅಮ್ಮನೇ ಟೈಪ್ ಮಾಡಲಿ, ನೀವೂ ಆ ಕಡೆ ತಿರುಗಿ. ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ಅಲ್ಲಿ ಯಾರ್ಯಾರ ಬೆರಳಚ್ಚು ಸೇರಿದೆ ನೋಡಿ. ಲಾಕ್ ತೆಗೆಯಲು ಸುಲಭ ಅಂತ ಮಗುವಿನ ಬೆರಳನ್ನೂ ಹಾಕಿಟ್ಟಿರುತ್ತಾರೆ. 2025ರ ಅಕ್ಟೋಬರ್‌ನಿಂದ ಯುಪಿಐನಲ್ಲಿ ಪಿನ್ ಬದಲು ಬೆರಳಚ್ಚು ಅಥವಾ ಮುಖ ತೋರಿಸಿ ಪಾವತಿಸುವ ಅವಕಾಶ ಬಂದಿದೆ. ಹಾಗಾಗಿ ಆ ಬೆರಳು ಈಗ ಬೀಗ ಮಾತ್ರ ತೆಗೆಯಲ್ಲ. ಯುಪಿಐ ಲೈಟ್ ಆನ್ ಇದ್ದರೆ ಅದನ್ನೂ ನೋಡಿ, ಅಲ್ಲಿ ಸಣ್ಣ ಮೊತ್ತಕ್ಕೆ ಪಿನ್ ಕೇಳೋದೇ ಇಲ್ಲ. ಸಣ್ಣ ಮೊತ್ತವೇ ಗೇಮ್ ಪ್ಯಾಕ್‌ನ ಬೆಲೆ.

ಆಮೇಲೆ ಪ್ಲೇ ಸ್ಟೋರ್. ಸೆಟ್ಟಿಂಗ್ಸ್‌ನಲ್ಲಿ ಖರೀದಿಗೆ ಪಾಸ್‌ವರ್ಡ್ ಕೇಳುವ ಆಯ್ಕೆ ಇರುತ್ತೆ. ಪ್ರತಿ ಖರೀದಿಗೂ ಕೇಳುವಂತೆ ಇಡಿ. ಪೇಮೆಂಟ್ ವಿಧಾನಗಳ ಪುಟಕ್ಕೆ ಹೋಗಿ ಉಳಿದುಕೊಂಡಿರುವ ಕಾರ್ಡ್, ಯುಪಿಐ ಐಡಿ, ಸಿಮ್ ಬಿಲ್ಲಿಂಗ್ ತೆಗೆದುಹಾಕಿ. ಸಬ್‌ಸ್ಕ್ರಿಪ್ಷನ್ ಪಟ್ಟಿ ನೋಡಿ. ಯುಪಿಐ ಆ್ಯಪ್‌ನಲ್ಲಿ ಆಟೋಪೇ ಅನ್ನುವ ಜಾಗದಲ್ಲಿ ಗೊತ್ತಿಲ್ಲದ ಮ್ಯಾಂಡೇಟ್ ಇದ್ದರೆ ರದ್ದು ಮಾಡಿ. ಪ್ಲೇ ಸ್ಟೋರ್‌ನಲ್ಲಿ ತಿಂಗಳ ಬಜೆಟ್ ಹಾಕುವ ಸೌಲಭ್ಯ ಇದೆ, ಆದರೆ ಅದು ಬರೀ ಎಚ್ಚರಿಕೆ ತೋರಿಸುತ್ತೆ, ತಡೆಯಲ್ಲ. ಅದನ್ನು ನಂಬಿ ಕೂರಬೇಡಿ.

ಒಂದು ಕಳ್ಳದಾರಿ ಬಹಳ ಪೋಷಕರಿಗೆ ಗೊತ್ತಿಲ್ಲ. ಪೇಮೆಂಟ್ ಆ್ಯಪ್‌ಗಳಲ್ಲೇ ಗೂಗಲ್ ಪ್ಲೇ ರೀಡೀಮ್ ಕೋಡ್ ಸಿಗುತ್ತೆ. ಅದನ್ನು ಕೊಂಡು ಗೇಮ್‌ಗೆ ಹಾಕಿದರೆ ಬ್ಯಾಂಕ್ ಮೆಸೇಜಲ್ಲಿ ಗೇಮ್ ಹೆಸರೇ ಬರಲ್ಲ. ರೀಚಾರ್ಜ್ ಮಾಡಿಸಿದ್ದು ಅಂದರೆ ಯಾರಾದರೂ ನಂಬುತ್ತಾರೆ. ನಮ್ಮ ಹಿಂದಿನ ಬೀದಿಯ ಒಬ್ಬ ಅಕ್ಕ ಚೀಟಿಗೆ ಅಂತ ಇಟ್ಟ ದುಡ್ಡು ಹೀಗೇ ಎರಡು ವಾರದಲ್ಲಿ ಕರಗಿತ್ತು. ಯಾರೋ ಹ್ಯಾಕ್ ಮಾಡಿದ್ದಾರೆ ಅಂತ ಪೊಲೀಸ್ ಸ್ಟೇಷನ್‌ಗೆ ಹೊರಟಿದ್ದರು. ಮಗ ಬಾಗಿಲ ಹಿಂದೆ ನಿಂತು ಅಳುತ್ತಿದ್ದ.

ದುಡ್ಡು ಹೋದ ಮೇಲೆ ಏನು? ಗೂಗಲ್ ಪ್ಲೇ ಖರೀದಿಗೆ 48 ಗಂಟೆಯೊಳಗೆ ರೀಫಂಡ್ ಕೇಳಿದರೆ ವಾಪಸ್ ಸಿಗುವ ಸಾಧ್ಯತೆ ಹೆಚ್ಚು. ಮನೆಯವರೇ ತಪ್ಪಿ ಖರೀದಿಸಿದ್ದು ಅನ್ನುವ ಕಾರಣ ಕೊಡಲು ಅಲ್ಲೇ ಅವಕಾಶವಿದೆ. ಗಡುವು ದಾಟಿದರೆ ಗೇಮ್ ಕಂಪನಿಗೇ ಬರೆಯಬೇಕು. ನಿಜವಾಗಿಯೂ ಹೊರಗಿನವರು ಮೋಸ ಮಾಡಿದ್ದರೆ, ಉದಾಹರಣೆಗೆ 'ಫ್ರೀ ಡೈಮಂಡ್' ಲಿಂಕ್ ಒತ್ತಿ ದುಡ್ಡು ಹೋಗಿದ್ದರೆ, ತಡ ಮಾಡದೆ 1930ಕ್ಕೆ ಫೋನ್ ಮಾಡಿ. ಮೊದಲ ಒಂದೆರಡು ಗಂಟೆಯಲ್ಲಿ ಹೇಳಿದರೆ ಹಣವನ್ನು ದಾರಿಯಲ್ಲೇ ತಡೆಹಿಡಿಯುವ ಅವಕಾಶ ಇರುತ್ತೆ. ಇದಕ್ಕೆ ಮಗು ಬಾಯಿಬಿಡಬೇಕು. ಹೊಡೆತ ಗ್ಯಾರಂಟಿ ಅಂತ ಗೊತ್ತಿರುವ ಮಗು ಮೂರು ದಿನ ಬಾಯಿಬಿಡಲ್ಲ. ಹಾಗಾಗಿ, ಏನೇ ಆದರೂ ಮೊದಲು ನಮಗೆ ಹೇಳು, ಆಮೇಲೆ ಬೈಯೋಣ ಅನ್ನುವ ಒಪ್ಪಂದವನ್ನು ದುಡ್ಡು ಹೋಗುವ ಮೊದಲೇ ಮಾಡಿಕೊಳ್ಳಬೇಕು.

ಅಮ್ಮನ ಫೋನಾ, ಹಳೇ ಫೋನಾ?

ಮಕ್ಕಳು ಆಡುವ ಫೋನ್ ಎರಡು ಥರ. ಒಂದು ಅಮ್ಮ ದಿನಾ ಬಳಸುವ ಫೋನ್. ಇನ್ನೊಂದು ಡಿಸ್‌ಪ್ಲೇ ಒಡೆದು, ಸಿಮ್ ತೆಗೆದು, ಪಕ್ಕದವರ ವೈಫೈನಲ್ಲೋ ಅಪ್ಪನ ಹಾಟ್‌ಸ್ಪಾಟ್‌ನಲ್ಲೋ ಓಡುವ ಹಳೇ ಫೋನ್. ಎರಡಕ್ಕೂ ಮದ್ದು ಬೇರೆ.

ಎಲ್ಲರೂ ಹೇಳುವ ಗೂಗಲ್ ಫ್ಯಾಮಿಲಿ ಲಿಂಕ್ ಒಳ್ಳೆಯ ಸಾಧನವೇ. ದಿನಕ್ಕೆ ಎಷ್ಟು ಹೊತ್ತು, ಯಾವ ಆ್ಯಪ್ ಎಷ್ಟು ನಿಮಿಷ, ರಾತ್ರಿ ಎಷ್ಟಕ್ಕೆ ಲಾಕ್ ಆಗಬೇಕು, ಹೊಸ ಆ್ಯಪ್‌ಗೆ ಅನುಮತಿ, ಎಲ್ಲ ಇದೆ. ಆದರೆ ಅದು ಮಗುವಿಗೆ ತನ್ನದೇ ಫೋನ್, ತನ್ನದೇ ಖಾತೆ ಇದ್ದರೆ ಮಾತ್ರ ಕೆಲಸ ಮಾಡುವಂಥದ್ದು. ಹಳೇ ಫೋನಿಗೆ ಇದು ಹೇಳಿ ಮಾಡಿಸಿದ ಹಾಗಿದೆ. ಫ್ಯಾಕ್ಟರಿ ರೀಸೆಟ್ ಹೊಡೆದು, ಮಗುವಿನ ನಿಜವಾದ ಹುಟ್ಟಿದ ದಿನಾಂಕ ಕೊಟ್ಟು ಖಾತೆ ತೆರೆದು, ಅಮ್ಮನ ಫೋನಿಗೆ ಜೋಡಿಸಿ. ದಿನಾಂಕ ಸುಳ್ಳು ಹಾಕಬೇಡಿ. ಮಗು ಪರದೆಯ ಮೇಲೆ 25 ವರ್ಷದವನಾದರೆ ಜಾಹೀರಾತೂ ಚಾಟೂ 25 ವರ್ಷದವನಿಗೆ ತಕ್ಕ ಹಾಗೇ ಬರುತ್ತವೆ.

ಅಮ್ಮನ ಫೋನಿಗೆ ಇದು ಒಗ್ಗಲ್ಲ. ಅಲ್ಲಿ ಆ್ಯಪ್ ಪಿನ್ನಿಂಗ್ ಸಾಕು. ಆಂಡ್ರಾಯ್ಡ್‌ನ ಸೆಕ್ಯುರಿಟಿ ಸೆಟ್ಟಿಂಗ್ಸ್‌ನಲ್ಲಿ ಇದನ್ನು ಆನ್ ಮಾಡಿದರೆ, ಕೊಟ್ಟ ಒಂದು ಆ್ಯಪ್ ಬಿಟ್ಟು ಬೇರೆಲ್ಲಿಗೂ ಹೋಗಲು ಪಿನ್ ಬೇಕಾಗುತ್ತೆ. ಗೇಮ್ ತೆಗೆದು, ಪಿನ್ ಮಾಡಿ, ಕೈಗೆ ಕೊಡುವುದು. ಪೇಮೆಂಟ್ ಆ್ಯಪ್, ಗ್ಯಾಲರಿ, ವಾಟ್ಸ್‌ಆ್ಯಪ್‌ಗೆ ಆ್ಯಪ್ ಲಾಕ್ ಬೇರೆ ಹಾಕಿ. ಡಿಜಿಟಲ್ ವೆಲ್‌ಬೀಯಿಂಗ್‌ನಲ್ಲಿ ಗೇಮ್‌ಗೆ ಟೈಮರ್ ಇಡಬಹುದು, ಆದರೆ ಜಾಣ ಮಗು ಎರಡೇ ದಿನಕ್ಕೆ ಅದನ್ನು ತೆಗೆಯೋದು ಕಲಿಯುತ್ತೆ. ಗೊತ್ತಿಲ್ಲದ ಕಡೆಯಿಂದ ಆ್ಯಪ್ ಇನ್‌ಸ್ಟಾಲ್ ಮಾಡುವ ಅನುಮತಿ ಬ್ರೌಸರ್‌ಗೆ, ಟೆಲಿಗ್ರಾಮ್‌ಗೆ ಇದ್ದರೆ ತೆಗೆದುಬಿಡಿ. ನಕಲಿ 'ಮಾಡ್' ಗೇಮ್‌ಗಳ ಜೊತೆ ವೈರಸ್ ಬರುವ ದಾರಿ ಅದೇ.

'ಅಮ್ಮ, ಒಂದೇ ನಿಮ್ಷ'

ಜಗಳ ಶುರುವಾಗೋದು ಈ ಮಾತಿನಿಂದ. ಅಮ್ಮ ಊಟಕ್ಕೆ ಕರೆದಳು, ಮಗ ಏಳಲಿಲ್ಲ, ಫೋನ್ ಕಿತ್ತುಕೊಂಡಳು, ಮಗ ಕಿರುಚಿದ. ಬೀದಿಗೆಲ್ಲ ಕೇಳುತ್ತೆ.

ಗೇಮ್ ಆಡದ ಪೋಷಕರಿಗೆ ಒಂದು ತಾಂತ್ರಿಕ ವಿಷಯ ಗೊತ್ತಿರಲಿ. ಈ ಆಟಗಳಿಗೆ ಪಾಸ್ ಬಟನ್ ಇಲ್ಲ. ಫ್ರೀ ಫೈರ್‌ನ ಒಂದು ಮ್ಯಾಚ್ ಹತ್ತು-ಹದಿನೈದು ನಿಮಿಷ, ಬಿಜಿಎಂಐನ ದೊಡ್ಡ ಮ್ಯಾಪ್ ಆದರೆ ಅರ್ಧ ಗಂಟೆ ಹಿಡಿಯಬಹುದು. ಮಧ್ಯೆ ಎದ್ದರೆ ಜೊತೆಗಿರುವ ಮೂವರು ಸೋಲುತ್ತಾರೆ. ಆ ಮೂವರೂ ಅವನ ಕ್ಲಾಸಿನವರೇ, ನಾಳೆ ಬೆಳಿಗ್ಗೆ ಎದುರಾಗುವವರು. ಓವರ್ ಮಧ್ಯೆ ಬೌಲರ್‌ನನ್ನು ಮನೆಗೆ ಕರೆದರೆ ಹೇಗೋ ಹಾಗೆ. ಆದ್ದರಿಂದ ನಿಮಿಷದ ಲೆಕ್ಕ ಬಿಟ್ಟು ಮ್ಯಾಚಿನ ಲೆಕ್ಕ ಇಡಿ. 'ಇನ್ನು ಒಂದು ಮ್ಯಾಚ್, ಆಮೇಲೆ ಊಟ' ಅಂತ ಮ್ಯಾಚ್ ಶುರುವಾಗುವ ಮೊದಲೇ ಹೇಳಿದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ. ಹೇಳಿದ ಮೇಲೂ ಇನ್ನೊಂದು ಮ್ಯಾಚ್ ಒತ್ತಿದರೆ ಆಗ ಸಿಟ್ಟಿಗೆ ಕಾರಣವಿದೆ. ಬೈಯುವ ಮೊದಲು ಒಂದು ದಿನ ಪಕ್ಕ ಕೂತು ನೋಡಿ, ಸಾಧ್ಯವಾದರೆ ಆಡಿ. ಅಮ್ಮ ಮೊದಲ ನಿಮಿಷಕ್ಕೇ ಔಟ್ ಆಗೋದನ್ನು ನೋಡುವಷ್ಟು ಖುಷಿ ಮಕ್ಕಳಿಗೆ ಇನ್ನೊಂದಿಲ್ಲ.

ಎಷ್ಟು ಹೊತ್ತು ಸರಿ? ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯಂತೆ ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಅದಕ್ಕಿಂತ ಚಿಕ್ಕವರಿಗೆ ಬೇಡವೇ ಬೇಡ. ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಐದರಿಂದ ಹತ್ತು ವರ್ಷದವರಿಗೆ ಎರಡು ಗಂಟೆಯೊಳಗೆ ಅನ್ನುತ್ತೆ. ದೊಡ್ಡ ಮಕ್ಕಳಿಗೆ ಒಂದೇ ಸಂಖ್ಯೆ ಹಿಡಿದು ಕೂರುವುದರಲ್ಲಿ ಅರ್ಥವಿಲ್ಲ ಅನ್ನುವುದು ನನ್ನ ಅಭಿಪ್ರಾಯ. ನಿದ್ದೆಯನ್ನು ಅಳೆಯಿರಿ. ಆರರಿಂದ ಹನ್ನೆರಡು ವರ್ಷದವರಿಗೆ 9ರಿಂದ 12 ಗಂಟೆ, ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಬೆಳಿಗ್ಗೆ ಆರೂವರೆಗೆ ಎದ್ದು ಶಾಲೆಗೆ ಹೊರಡುವ ಮಗು ರಾತ್ರಿ ಹನ್ನೊಂದೂವರೆಗೆ ಮಲಗಿದರೆ ಲೆಕ್ಕ ನೀವೇ ಹಾಕಿ. ಫೋನ್ ಚಾರ್ಜಿಗೆ ಹಾಕುವ ಜಾಗ ಹಾಸಿಗೆಯಿಂದ ದೂರ, ಅಡುಗೆಮನೆಯಲ್ಲಿ ಇರಲಿ. ಒಂದೇ ಕೋಣೆಯ ಮನೆಯಾದರೆ ಬೀರು ಮೇಲೆ. ಅಪ್ಪನ ರೀಲ್ಸೂ ಅದೇ ಹೊತ್ತಿಗೆ ನಿಲ್ಲಬೇಕು. ಅದಾಗದೆ ಈ ನಿಯಮ ಎರಡನೇ ದಿನವೇ ಬಿದ್ದುಹೋಗುತ್ತೆ.

ಇನ್ನು ವಾಯ್ಸ್ ಚಾಟ್. ಗೊತ್ತಿಲ್ಲದವರ ಜೊತೆ ಆಡುವಾಗ ಮೈಕ್ ಆಫ್ ಇಡುವುದು, ಗೇಮ್‌ನಲ್ಲಿ ಪರಿಚಯವಾದವರಿಗೆ ನಂಬರ್, ಶಾಲೆ ಹೆಸರು, ಫೋಟೊ ಕೊಡದಿರುವುದು, ಇಷ್ಟನ್ನು ಮಗುವಿಗೆ ಕಲಿಸಲೇಬೇಕು. 'ನಿನ್ನ ಐಡಿ ಕೊಡು, ಡೈಮಂಡ್ ಹಾಕ್ತೀನಿ' ಅನ್ನುವವನು ಐಡಿ ಕದಿಯುತ್ತಾನೆ. ಉಡುಗೊರೆ ಕೊಟ್ಟು ಫೋಟೊ ಕೇಳುವವನು ಅದಕ್ಕಿಂತ ಅಪಾಯ. ಅಂಥದ್ದು ನಡೆದರೆ ಚಾಟ್ ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದಿಟ್ಟು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಚಟ ಅಂತ ಯಾವಾಗ ಹೇಳಬಹುದು?

ಎರಡು ಗಂಟೆ ಆಡಿದ ಮಗುವನ್ನೆಲ್ಲ 'ಅಡಿಕ್ಟ್' ಅನ್ನುವ ಅಭ್ಯಾಸ ನಮ್ಮಲ್ಲಿದೆ. 2019ರಲ್ಲಿ ಬೆಳಗಾವಿ ಜಿಲ್ಲೆಯಲ್ಲಿ ನಡೆದ ಒಂದು ಕೊಲೆಯನ್ನು ಚಾನೆಲ್‌ಗಳು ಪಬ್ಜಿ ಕೊಲೆ ಅಂತ ತೋರಿಸಿದ ಮೇಲೆ ಎಷ್ಟೋ ಮನೆಗಳಲ್ಲಿ ಆಡುವ ಮಗನನ್ನೇ ಹೆದರಿಕೊಂಡು ನೋಡುವಂತಾಯ್ತು. ವೈದ್ಯಕೀಯದಲ್ಲಿ ಇದಕ್ಕೆ ಸ್ಪಷ್ಟ ಅಳತೆ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯ ಹನ್ನೊಂದನೇ ಪರಿಷ್ಕರಣೆಗೆ 2019ರ ಮೇನಲ್ಲಿ ಒಪ್ಪಿಗೆ ಸಿಕ್ಕಿ, 2022ರ ಜನವರಿ 1ರಿಂದ ಜಾರಿಗೆ ಬಂತು. ಅದರಲ್ಲಿ ಗೇಮಿಂಗ್ ಡಿಸಾರ್ಡರ್ ಅನ್ನುವ ತೊಂದರೆ ಸೇರಿದೆ. ಆಟದ ಮೇಲೆ ಹಿಡಿತ ತಪ್ಪುವುದು, ಊಟ, ನಿದ್ದೆ, ಗೆಳೆಯರು, ಓದು ಎಲ್ಲಕ್ಕಿಂತ ಆಟವೇ ಮುಂದಾಗುವುದು, ಕೆಡುಕಾಗುತ್ತಿದೆ ಅಂತ ಕಂಡರೂ ನಿಲ್ಲಿಸಲಾಗದಿರುವುದು. ಈ ಮೂರೂ ಸೇರಿ ಸಾಮಾನ್ಯವಾಗಿ 12 ತಿಂಗಳು ಮುಂದುವರಿದು, ಬದುಕಿಗೇ ಪೆಟ್ಟು ಬಿದ್ದಿದ್ದರೆ ಮಾತ್ರ ಅದು ಕಾಯಿಲೆ. ಲಕ್ಷಣ ತೀವ್ರವಾಗಿದ್ದರೆ ವೈದ್ಯರು ಅಷ್ಟು ಕಾಯಲ್ಲ. ಆಡುವವರಲ್ಲಿ ಈ ಹಂತ ತಲುಪುವವರು ಸಣ್ಣ ಪಾಲು.

ಅನುಮಾನವಿದ್ದರೆ ದೂರ ಹೋಗಬೇಕಿಲ್ಲ. ನಿಮ್ಹಾನ್ಸ್ 2014ರಲ್ಲೇ ಇದಕ್ಕಾಗಿ 'ಶಟ್' ಕ್ಲಿನಿಕ್ ತೆರೆದಿದೆ. ತಂತ್ರಜ್ಞಾನದ ಆರೋಗ್ಯಕರ ಬಳಕೆಗೆ ನೆರವಾಗುವ ಸೇವೆ ಅಂತ ಅದರ ಅರ್ಥ, ಮನೋವಿಜ್ಞಾನಿ ಡಾ. ಮನೋಜ್ ಕುಮಾರ್ ಶರ್ಮಾ ಅದರ ಹಿಂದಿರುವವರು. ಕ್ಲಿನಿಕ್ ಇರೋದು ಬಿಟಿಎಂ ಲೇಔಟ್‌ನ ನಿಮ್ಹಾನ್ಸ್ ಸೆಂಟರ್ ಫಾರ್ ವೆಲ್‌ಬೀಯಿಂಗ್‌ನಲ್ಲಿ. ದೂರ ಇಲ್ಲ ಅಂದೆ, ಆದರೆ ಬ್ಯಾಡರಹಳ್ಳಿಯಿಂದ ಬಸ್ ಬದಲಿಸಿ ಅಲ್ಲಿಗೆ ಹೋಗಿಬರುವುದೆಂದರೆ ಅಮ್ಮನಿಗೆ ಒಂದು ದಿನದ ಸಂಬಳ ಕಟ್. ಅದಕ್ಕೂ ಮೊದಲು 14416ಕ್ಕೆ ಕರೆ ಮಾಡಿ. ಇದು 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿಮಾನಸ್ ಸಹಾಯವಾಣಿ, ಉಚಿತ, ಹಗಲು-ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು.

ನಿಷೇಧ ಮಾಡಿದ್ದಾಯ್ತಲ್ಲ?

ಮಾಡಿದ್ದಾಯ್ತು, ಹಲವು ಸಲ. ಪಬ್ಜಿ ಮೊಬೈಲ್ 2020ರ ಸೆಪ್ಟೆಂಬರ್ 2ರಂದು 118 ಆ್ಯಪ್‌ಗಳ ಜೊತೆ ಹೋಯಿತು, ಬಿಜಿಎಂಐ ಹೆಸರಲ್ಲಿ 2021ರ ಜುಲೈನಲ್ಲಿ ಬಂತು, 2022ರ ಜುಲೈನಲ್ಲಿ ಮತ್ತೆ ಹೋಯಿತು, 2023ರ ಮೇನಲ್ಲಿ ಮತ್ತೆ ಬಂತು. ಫ್ರೀ ಫೈರ್ 2022ರ ಫೆಬ್ರವರಿ 14ರಂದು ನಿಷೇಧವಾಯಿತು, ಅದರ ಅಣ್ಣನಂತಿರುವ ಫ್ರೀ ಫೈರ್ ಮ್ಯಾಕ್ಸ್ ಉಳಿಯಿತು. ಇವೆಲ್ಲ ನಡೆದದ್ದು ದೇಶದ ಭದ್ರತೆ, ಡೇಟಾ ಸುರಕ್ಷತೆಯ ಹೆಸರಲ್ಲಿ. ಮಕ್ಕಳ ನಿದ್ದೆ ಆ ಕಡತದಲ್ಲೇ ಇರಲಿಲ್ಲ. ನಮ್ಮ ಬೀದಿ ಹುಡುಗರು ವಿಪಿಎನ್ ಕಲಿತದ್ದು ಆಗ.

ಬಿಜಿಎಂಐ ವಾಪಸ್ ಬಂದಾಗ 18ರೊಳಗಿನವರಿಗೆ ದಿನಕ್ಕೆ ಮೂರು ಗಂಟೆ ಮಿತಿ ಬಂತು. ಇದಕ್ಕೂ ಮೊದಲೇ, 2021ರಲ್ಲಿ, ಅವರ ದಿನದ ಖರ್ಚಿಗೆ ₹7,000 ಮಿತಿ ಅಂತ ಕಂಪನಿ ಹೇಳಿತ್ತು. ದಿನಕ್ಕೆ ಏಳು ಸಾವಿರ! ಗಾರ್ಮೆಂಟ್ಸ್ ಕೆಲಸಗಾರರ ತಿಂಗಳ ಸಂಬಳದ ಹೆಚ್ಚುಕಡಿಮೆ ಅರ್ಧ. ಇದನ್ನು ಮಕ್ಕಳ ರಕ್ಷಣೆ ಅಂತ ಕರೆದವರು ಯಾವ ಮನೆಯನ್ನು ಕಣ್ಮುಂದೆ ಇಟ್ಟುಕೊಂಡಿದ್ದರೋ.

ಬೇರೆ ದೇಶಗಳು ಸಮಯಕ್ಕೇ ಕತ್ತರಿ ಹಾಕಿ ನೋಡಿವೆ. ಬಿಜಿಎಂಐ ಮಾಡುವ ಕ್ರಾಫ್ಟನ್ ಕಂಪನಿಯ ತವರು ದಕ್ಷಿಣ ಕೊರಿಯಾ, 16ರೊಳಗಿನವರು ಮಧ್ಯರಾತ್ರಿಯಿಂದ ಬೆಳಿಗ್ಗೆ ಆರರವರೆಗೆ ಆನ್‌ಲೈನ್ ಗೇಮ್ ಆಡುವಂತಿಲ್ಲ ಅಂತ 2011ರಲ್ಲಿ ಕಾನೂನು ತಂದು, ಹತ್ತು ವರ್ಷದ ಮೇಲೆ ಅದನ್ನು ಕೈಬಿಟ್ಟಿತು. ಚೀನಾ 2021ರಲ್ಲಿ 18ರೊಳಗಿನವರಿಗೆ ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜಾದಿನ ರಾತ್ರಿ ಎಂಟರಿಂದ ಒಂಬತ್ತು ಅಂತ ಕಟ್ಟಿಹಾಕಿತು. ಪ್ರತಿ ಆಟಗಾರನ ಗುರುತನ್ನು ಸರ್ಕಾರಕ್ಕೆ ಕೊಡುವುದು ಅದರ ಬೆಲೆ, ಅದು ನಮಗೆ ಬೇಡ.

ಕರ್ನಾಟಕದ ಕಥೆ ದುಡ್ಡು ಕಟ್ಟಿ ಆಡುವ ಗೇಮ್‌ಗಳದ್ದು. 2021ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಅವನ್ನು ನಿಷೇಧಿಸಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಆಮೇಲೆ ಕೇಂದ್ರವೇ 2025ರ ಆಗಸ್ಟ್‌ನಲ್ಲಿ ಆನ್‌ಲೈನ್ ಗೇಮಿಂಗ್ ಕಾಯ್ದೆ ತಂದಿತು. 20ಕ್ಕೆ ಲೋಕಸಭೆ, 21ಕ್ಕೆ ರಾಜ್ಯಸಭೆ, 22ಕ್ಕೆ ರಾಷ್ಟ್ರಪತಿ ಅಂಕಿತ. ಹಣ ಕಟ್ಟಿ ಹಣ ಗೆಲ್ಲುವ ಗೇಮ್ ನಡೆಸಿದವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಮೂರೇ ದಿನದಲ್ಲಿ ಪಾಸಾದ ಈ ಕಾಯ್ದೆಯನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟ್ ಮುಂದೆ ಹೋದವು. ಅದರಿಂದ ರಮ್ಮಿ ಆಡುವ ಅಪ್ಪಂದಿರಿಗೆ ಲಾಭವಾಗಿದೆ, ಅದು ಸಣ್ಣ ಮಾತಲ್ಲ. ಆದರೆ ಕಾಯ್ದೆಯ ಗುರಿ ಹಣ ಗೆಲ್ಲುವ ಆಸೆಗೆ ಹಣ ಹೂಡುವ ಆಟ. ಮಗು ಡೈಮಂಡ್ ಕೊಂಡು ಚಕ್ರ ತಿರುಗಿಸುವುದು ಹಾಗೇ ನಡೆದಿದೆ.

ರಾಜ್ಯ ಸರ್ಕಾರದ ಇನ್ನೊಂದು ಮುಖವೂ ಇದೆ. ಅನಿಮೇಷನ್ ಮತ್ತು ಗೇಮಿಂಗ್ ಉದ್ಯಮಕ್ಕೆ 2012ರಲ್ಲೇ ನೀತಿ ತಂದ ಮೊದಲ ರಾಜ್ಯ ನಮ್ಮದು, ಈಗ 2024ರಿಂದ 2029ರವರೆಗಿನ ಹೊಸ ನೀತಿ ನಡೆಯುತ್ತಿದೆ. ಅದೇ ಐಟಿ-ಬಿಟಿ ಇಲಾಖೆ 2025ರಲ್ಲಿ ಡಿಜಿಟಲ್ ಡಿಟಾಕ್ಸ್ ಅಭಿಯಾನವನ್ನೂ ಶುರು ಮಾಡಿತು, ನಿಮ್ಹಾನ್ಸ್ ನೆರವಿನಿಂದ. ಜೊತೆಗಾರರು ಯಾರು? ಆಲ್ ಇಂಡಿಯಾ ಗೇಮ್ ಡೆವಲಪರ್ಸ್ ಫೋರಂ. ಉದ್ಯಮ ಬೇಡ ಅಂತ ನಾನು ಹೇಳ್ತಿಲ್ಲ, ನನ್ನ ಬ್ಯಾಚಿನ ಎಷ್ಟೋ ಗೆಳೆಯರ ಅನ್ನ ಅದು. ಆದರೆ ಚಿಕಿತ್ಸೆಗೆ ಹಣ ಹಾಕುವವರೇ ವಿನ್ಯಾಸ ಬದಲಿಸುವುದಾದರೆ ಡಿಟಾಕ್ಸ್‌ನ ಅಗತ್ಯವೇ ಕಡಿಮೆಯಾಗುತ್ತಲ್ಲ ಅಂತ ಕೇಳುವವರು ಬೇಕು.

ಇನ್ನೊಂದು ಮಾತು ಗೇಮಿಂಗ್ ಚರ್ಚೆಯಲ್ಲಿ ಬರೋದೇ ಇಲ್ಲ: ಜಾಗ. ರಾಜಾಜಿನಗರ, ವಿಜಯನಗರ ನಕ್ಷೆ ಹಾಕಿ ಕಟ್ಟಿದ ಬಡಾವಣೆಗಳು, ಅಲ್ಲಿ ಪಾರ್ಕ್ ಇದೆ, ಮೈದಾನ ಇದೆ. ಮಾಗಡಿ ರಸ್ತೆಯ ಅಂಚಿನಲ್ಲಿ ಬೆಳೆದದ್ದು ಹೆಚ್ಚಾಗಿ ರೆವಿನ್ಯೂ ಸೈಟು. ಇಪ್ಪತ್ತು-ಮೂವತ್ತರ ಸೈಟಿಗೆ ಸೈಟು ತಾಗಿ ಮನೆ, ಮುಂದೆ ಟ್ಯಾಂಕರ್ ಓಡಾಡುವ ರಸ್ತೆ. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮೆಟ್ರೊ ಮೂರನೇ ಹಂತದ ಹೊಸಹಳ್ಳಿ–ಕಡಬಗೆರೆ ಮಾರ್ಗ ಇದೇ ರಸ್ತೆಯ ಮೇಲೆ ಬರುತ್ತೆ. ಸೈಟಿನ ರೇಟ್ ಆಗಲೇ ಏರಿದೆ, ಖಾಲಿ ಉಳಿದಿದ್ದ ಎರಡು ಮೂರು ಜಾಗಗಳಿಗೂ ಕಾಂಪೌಂಡ್ ಬಿದ್ದಿದೆ. ಆಡಲು ಜಾಗ ಇಲ್ಲದ ಹುಡುಗ ಎರಂಗಲ್ ಮ್ಯಾಪಿನಲ್ಲಿ ಓಡುತ್ತಾನೆ. ಹುಡುಗಿಯರಿಗೆ ಬೀದಿಯೂ ಇಲ್ಲ, ಬಹಳ ಮನೆಗಳಲ್ಲಿ ಫೋನೂ ಸಿಗಲ್ಲ.

ಮುಂದೆ ಬರುವುದು ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣೆ ಕಾಯ್ದೆ. 2023ರ ಈ ಕಾಯ್ದೆಯ ಒಂಬತ್ತನೇ ಸೆಕ್ಷನ್ ಪ್ರಕಾರ 18 ವರ್ಷದೊಳಗಿನವರ ಡೇಟಾ ಬಳಸಲು ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು, ಮಕ್ಕಳ ನಡವಳಿಕೆಯ ಜಾಡು ಹಿಡಿಯುವಂತಿಲ್ಲ, ಅವರನ್ನೇ ಗುರಿ ಮಾಡಿದ ಜಾಹೀರಾತು ಕೂಡದು. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಮುಖ್ಯ ಹೊಣೆಗಳಿಗೆ 18 ತಿಂಗಳ ಕಾಲಾವಕಾಶ. ಅಂದರೆ 2027ರ ಮೇ. ಜಾಡು ಹಿಡಿಯುವಂತಿಲ್ಲ ಅನ್ನುವ ಭಾಗ ನಿಜಕ್ಕೂ ಜಾರಿಯಾದರೆ ಮೇಲೆ ಹೇಳಿದ ರಿಟೆನ್ಷನ್ ಲೆಕ್ಕಕ್ಕೇ ಪೆಟ್ಟು ಬೀಳುತ್ತೆ. ನಾವು ಒತ್ತಾಯ ಹಾಕಬೇಕಿರುವುದು ಅದರ ಮೇಲೆ. ಕಂಪನಿಗಳಿಗೆ ಇಷ್ಟವಾಗುವುದು ಒಪ್ಪಿಗೆಯ ಭಾಗ, ಯಾಕೆಂದರೆ ಅಲ್ಲಿ ಹೊಣೆ ಪೋಷಕರ ತಲೆಗೆ ಹೋಗುತ್ತೆ. ಡಿಜಿಲಾಕರ್‌ನಂಥ ವ್ಯವಸ್ಥೆಯ ಮೂಲಕ ಅಮ್ಮನ ಗುರುತು ಪರಿಶೀಲಿಸಬಹುದು ಅಂತ ನಿಯಮ ಹೇಳುತ್ತೆ. ಬ್ಯಾಡರಹಳ್ಳಿಯ ಅಮ್ಮನ ಡಿಜಿಲಾಕರ್ ಖಾತೆ ತೆರೆದುಕೊಟ್ಟದ್ದು ಅವಳ ಮಗನೇ, ಅದರ ಒಟಿಪಿ ಬರುವುದು ಅವನು ಆಡುತ್ತಿರುವ ಅದೇ ಫೋನಿಗೆ.